ಅಕ್ಕನ ಮೇಲೆ ಹೊರಿಸಿದ್ದು

"ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗಿತ್ತಾ?" ಎಂದು ಡಾಕ್ಟರಮ್ಮ ಕೇಳಿದ ಕೂಡಲೇ ಅನಂತರಾಜು ಉತ್ತರ ಕೊಟ್ಟುಬಿಟ್ಟ.

"ನಮ್ಮಕ್ಕಂಗಿತ್ತು ಮೇಡಂ."

1999ರ ಜನವರಿ ತಿಂಗಳು. ತುಮಕೂರಿನ ಅಶೋಕನಗರದ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಅವನ ಪಕ್ಕಕ್ಕೆ ಹೆಂಡತಿ ರಂಗಲಕ್ಷ್ಮಿ, ಅವಳ ತೊಡೆಗೆ ಒರಗಿಕೊಂಡು ಎಂಟು ವರ್ಷದ ಮಗಳು ನಂದಿತಾ. ನಂದಿತಾ ಓದಿನಲ್ಲಿ ಚುರುಕು, ಆಟದಲ್ಲಿ ಇನ್ನೂ ಚುರುಕು. ಆದರೆ ವಾರದಲ್ಲಿ ಐದಾರು ದಿನ ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಒದ್ದೆಯಾಗಿರುತ್ತಿತ್ತು. ಬಾಡಿಗೆ ಮನೆ. ದಿನಾ ಹಾಸಿಗೆ, ಬೆಡ್‌ಶೀಟು ಮಹಡಿಗೆ ಹೊತ್ತು ಒಣಹಾಕಬೇಕು. ಮನೆ ಓನರ್ ಹೆಂಗಸು, "ಏನ್ರೀ, ದಿನಾ ಹಬ್ಬಾನಾ ನಿಮ್ಮನೇಲಿ?" ಎಂದು ನಗುತ್ತಲೇ ಚುಚ್ಚುತ್ತಿದ್ದಳು. ರಂಗಲಕ್ಷ್ಮಿ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಸಂಜೆ ಆರರ ಮೇಲೆ ಮಗುವಿಗೆ ನೀರು ಕೊಡುವುದನ್ನೇ ನಿಲ್ಲಿಸಿದಳು. ಏನೂ ಆಗದೆ ಕೊನೆಗೆ ಇಲ್ಲಿಗೆ ಬಂದಿದ್ದರು.

"ನಿಮಗೆ? ನಿಮ್ಮ ಮನೆಯವರಿಗೆ?" ಡಾಕ್ಟರಮ್ಮ ಪೆನ್ನು ಹಿಡಿದುಕೊಂಡೇ ಮತ್ತೆ ಕೇಳಿದರು. "ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರೋದು ಜಾಸ್ತಿ. ಅವರಿಗೆ ಯಾವ ವಯಸ್ಸಿಗೆ ನಿಂತಿತು ಅಂತ ಗೊತ್ತಾದರೆ ಮಗುಗೂ ಒಂದು ಧೈರ್ಯ. ಅದಕ್ಕೆ ಕೇಳ್ತಿದೀನಿ."

"ನಂಗಿರ್ಲಿಲ್ಲ," ಎಂದಳು ರಂಗಲಕ್ಷ್ಮಿ.

"ನಂಗೂ ಇಲ್ಲ," ಎಂದ ಅನಂತರಾಜು.

ಡಾಕ್ಟರಮ್ಮ ಬರೆದುಕೊಂಡರು. ಯೂರಿನ್ ಪರೀಕ್ಷೆಯಲ್ಲಿ ಏನೂ ತೊಂದರೆ ಕಂಡಿಲ್ಲ, ಮಗು ಬೇಕೆಂದು ಮಾಡುತ್ತಿಲ್ಲ, ಸೋಮಾರಿತನವೂ ಅಲ್ಲ, ಹೊಡೆಯಬಾರದು, ಬೈಯಬಾರದು, ಹಗಲೆಲ್ಲ ಚೆನ್ನಾಗಿ ನೀರು ಕುಡಿಸಿ ಮಲಗುವ ಮುಂಚೆ ಬಚ್ಚಲಿಗೆ ಕಳಿಸಬೇಕು, ಬೆಳೀತಾ ಬೆಳೀತಾ ತಾನಾಗಿ ನಿಲ್ಲುತ್ತದೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ರಂಗಲಕ್ಷ್ಮಿಯ ಕಿವಿಗೆ ಅದರಲ್ಲಿ ಅರ್ಧ ಬಿತ್ತೋ ಇಲ್ಲವೋ. ಆಟೋದಲ್ಲಿ ಕೂತ ಮೇಲೆ ಅವಳು ಆಡಿದ ಮೊದಲ ಮಾತು ಇದು: "ನಿಮ್ಮವ್ವ ಇಷ್ಟ್ ದಿನ ನಮ್ಮ ತವರುಮನೆ ಕಡೆಯಿಂದ ಬಂದೈತೆ ಅಂತ ನನ್ ಪ್ರಾಣ ತಿಂದ್ರಲ್ಲ. ಈಗ ಗೊತ್ತಾಯ್ತಲ್ಲ, ಯಾರ ಕಡೇದು ಅಂತ. ನಿಮ್ಮಕ್ಕಂದು!"

ಅನಂತರಾಜು ಹೊರಗೆ ನೋಡುತ್ತ ಕೂತ. ಇಬ್ಬರ ನಡುವೆ ಕೂತ ನಂದಿತಾ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, "ಕುಣಿಗಲ್ ಅತ್ತೆಗಾ?" ಎಂದಳು.

ಕುಣಿಗಲ್ ಅತ್ತೆ ಎಂದರೆ ಚಿಕ್ಕಗಂಗಮ್ಮ. ಅನಂತರಾಜುವಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳಿಗೆ ಎಂದೂ ಆ ತೊಂದರೆ ಇರಲಿಲ್ಲ. ಇದ್ದದ್ದು ಅವನಿಗೆ.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹತ್ತಿರ ಅವರ ಊರು. ಅಪ್ಪ ಚಿಕ್ಕರಂಗಯ್ಯನಿಗೆ ಒಂದಿಷ್ಟು ತೆಂಗಿನ ತೋಟ, ಎರಡು ಎಕರೆ ರಾಗಿ ಹೊಲ. ಮನೆಯಲ್ಲಿ ಮಕ್ಕಳಿಬ್ಬರಿಗೂ ಒಂದೇ ಚಾಪೆ, ಒಂದೇ ಕಂಬಳಿ. ಅವನಿಗೆ ಆರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಅವ್ವ ಹನುಮಂತಮ್ಮ ಕಂಬಳಿ ಎತ್ತಿ ಮೂಸಿ ನೋಡಿ, ಕೈಯಲ್ಲಿ ಪೊರಕೆ ಹಿಡಿದುಕೊಂಡೇ "ಯಾರ್ಲಾ ಇದು?" ಎಂದು ಗದರಿದಳು. ಹಿಂದಿನ ವಾರವಷ್ಟೇ ಬೇರಾವುದೋ ತಪ್ಪಿಗೆ ಅದೇ ಪೊರಕೆಯ ಹಿಡಿಯಿಂದ ತಿಂದ ಏಟು ಅವನ ಬೆನ್ನ ಮೇಲೆ ಇನ್ನೂ ಉರಿಯುತ್ತಿತ್ತು. "ಅಕ್ಕ," ಎಂದುಬಿಟ್ಟ.

ಅಕ್ಕ ಸುಮ್ಮನೆ ಕೇಳಿಸಿಕೊಂಡವಳಲ್ಲ. "ನಾನಲ್ಲ ಕಣವ್ವ, ಇವ್ನೇ," ಎಂದು ಕೂಗಿದಳು. ಅವ್ವ ಅವನ ಗಲ್ಲ ಹಿಡಿದು ಎತ್ತಿ, "ನಿಜ ಹೇಳು, ನೀನಾ?" ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ. "ಮಗೀನ ಮೇಲೆ ಹಾಕ್ತೀಯೇನೇ, ದೊಡ್ಡೋಳಾಗಿ!" ಎಂದು ಅವ್ವ ಅಕ್ಕನಿಗೆ ಎರಡು ಬಿಟ್ಟಳು. ಅಲ್ಲಿಂದಾಚೆಗೆ ಯಾವ ಬೆಳಿಗ್ಗೆಯೂ ಯಾರೆಂದು ಕೇಳುವ ಪ್ರಮೇಯವೇ ಬರಲಿಲ್ಲ. ಒದ್ದೆ ಕಂಬಳಿಯನ್ನು ತಲೆ ಮೇಲೆ ಹೊತ್ತು ಚಿಕ್ಕಗಂಗಮ್ಮ ಊರ ಮುಂದಿನ ಬಾವಿಗೆ ಹೋಗುತ್ತಿದ್ದಳು. ನೀರಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅಪ್ಪ ಚಿಕ್ಕರಂಗಯ್ಯ ಇದನ್ನೆಲ್ಲ ಕಂಡೂ ಕಾಣದವನಂತೆ ಎದ್ದು ತೋಟದ ಕಡೆ ಹೋಗಿಬಿಡುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಯಾರೋ ಹೇಳಿದರೆಂದು ಹನುಮಂತಮ್ಮ ಸಿ.ಎಸ್. ಪುರದ ಕಡೆಯಿಂದ ಒಬ್ಬ ನಾಟಿ ಔಷಧಿಯವನನ್ನು ಕರೆಸಿದಳು. ಅವನು ಗಾಜಿನ ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ ಹುಡುಗಿಯ ಹೊಕ್ಕುಳ ಕೆಳಗೆ ಎರಡು ಬರೆ ಎಳೆದ. ಕೈ ಕಾಲು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದರು. ಆ ಕಿರುಚಾಟಕ್ಕೆ ಎಂಟು ವರ್ಷದ ಅನಂತರಾಜು ಹಿತ್ತಿಲ ಹುಲ್ಲು ಬಣವೆಯ ಹಿಂದೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದ. ಒಳಗೆ ಓಡಿ ಹೋಗಿ 'ನಾನು' ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹಾಗೆ ಹೇಳಿದರೆ ಆ ಬಳೆ ಚೂರು ತನ್ನ ಕಡೆ ತಿರುಗುತ್ತದೆ ಎಂಬುದು ಆ ವಯಸ್ಸಿಗೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಮನೆಯವರೆಲ್ಲ ಬರೆಯಿಂದ ವಾಸಿಯಾಯಿತು ಎಂದುಕೊಂಡರು. ನಿಜವಾಗಿ ನಡೆದದ್ದು ಬೇರೆ. ಇನ್ನೊಂದು ಸಲ ಆ ಮನುಷ್ಯ ಬಂದಾನು ಎಂಬ ಹೆದರಿಕೆಗೆ ಚಿಕ್ಕಗಂಗಮ್ಮ ದಿನವೂ ನಿದ್ದೆಗೆಟ್ಟು ತಮ್ಮನನ್ನು ಎರಡೆರಡು ಸಲ ಎಬ್ಬಿಸಿ, ರಟ್ಟೆ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಶಾಲೆಯಲ್ಲಿ ತೂಕಡಿಸಿ ಮೇಷ್ಟರ ಕೈಲಿ ಬೈಸಿಕೊಂಡಳು. ಏಳನೇ ಕ್ಲಾಸಿಗೆ ಓದು ಬಿಟ್ಟಳು. ಅವನಿಗೆ ಹನ್ನೊಂದು ತುಂಬಿದ ಮೇಲೆ, ಒಂದು ಯುಗಾದಿಯ ಆಸುಪಾಸಿನಲ್ಲಿ, ಅದು ತಾನಾಗಿ ನಿಂತುಹೋಯಿತು. ನಿಂತದ್ದು ಗೊತ್ತಾಗಲಿಕ್ಕೇ ಇಬ್ಬರಿಗೂ ವಾರ ಹಿಡಿಯಿತು.

ಅಲ್ಲಿಗಾದರೂ ಮುಗಿದಿದ್ದರೆ ಆಗುತ್ತಿತ್ತು. ಚಿಕ್ಕಗಂಗಮ್ಮನಿಗೆ ಇಪ್ಪತ್ತು ವರ್ಷವಾದಾಗ ಸಿ.ಎಸ್. ಪುರದಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಸೊಸೈಟಿಯಲ್ಲಿ ಗುಮಾಸ್ತ. ಹೆಣ್ಣು ನೋಡಿ ಒಪ್ಪಿ, ಎಲೆ ಅಡಿಕೆ ಬದಲಾಯಿಸುವ ದಿನವನ್ನೂ ಗೊತ್ತು ಮಾಡಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಮರಿಯಮ್ಮ ಆ ಕಡೆಯ ಯಾರದೋ ಹತ್ತಿರ, "ಹುಡುಗಿ ಚೆಂದಾಗವ್ಳೆ, ಚಿಕ್ಕೋಳಿದ್ದಾಗ ಒಂದು ರೋಗ ಇತ್ತು, ಬರೆ ಹಾಕ್ಸವ್ರೆ, ಈಗ ಏನೂ ಇಲ್ಲ ಬುಡಿ," ಎಂದು ಒಳ್ಳೆಯ ಮಾತಿನಂತೆಯೇ ಹೇಳಿದಳು. ಆ ಕಡೆಯವರು ಮತ್ತೆ ಬರಲಿಲ್ಲ. ಗುಬ್ಬಿಯಲ್ಲಿ ಪಿಯುಸಿ ಓದುತ್ತಿದ್ದ ಅನಂತರಾಜು ಆ ದಿನ ಮನೆಯಲ್ಲೇ ಇದ್ದ. ಅವ್ವ ಎದೆ ಬಡಿದುಕೊಂಡು ಅತ್ತಳು. ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ. ಅಕ್ಕ ಒಲೆಯ ಮುಂದೆ ಕೂತು ಒಂದೇ ಒಂದು ಸಲ ತಮ್ಮನ ಮುಖ ನೋಡಿದಳು. ಅವನು ಪುಸ್ತಕ ತೆಗೆದುಕೊಂಡು ಜಗುಲಿಗೆ ಹೋದ.

ಮಾರನೇ ವರ್ಷ ಅವಳನ್ನು ಕುಣಿಗಲ್ಲಿನ ಓಬಳಯ್ಯನಿಗೆ ಕೊಟ್ಟರು. ಹಿಟ್ಟಿನ ಗಿರಣಿ ನಡೆಸುವವನು. ಮೊದಲ ಹೆಂಡತಿ ತೀರಿಕೊಂಡಿದ್ದಳು. ಚಿಕ್ಕಗಂಗಮ್ಮನಿಗಿಂತ ಹದಿನೇಳು ವರ್ಷಕ್ಕೆ ದೊಡ್ಡವನು, ಕೆಟ್ಟವನಲ್ಲ.

ಅನಂತರಾಜು ಐಟಿಐ ಮಾಡಿಕೊಂಡು ತುಮಕೂರಿನಲ್ಲಿ ವಾಚ್ ಫ್ಯಾಕ್ಟರಿ ಸೇರಿದ, ಮದುವೆಯಾದ, ಮಗಳು ಹುಟ್ಟಿದಳು. ಹಳೆಯದೆಲ್ಲ ಮರೆತೇಹೋಗಿದೆ ಎಂದುಕೊಂಡಿದ್ದ. ಮಗಳ ಹಾಸಿಗೆ ಒದ್ದೆಯಾಗತೊಡಗಿದಾಗ ಎಲ್ಲರಿಗಿಂತ ಹೆಚ್ಚು ಸಿಟ್ಟು ಮಾಡಿದವನು ಅವನೇ. "ಕತ್ತೆ ವಯಸ್ಸಾಯ್ತು, ನಾಚ್ಕೆ ಆಗಲ್ವೇನೇ?" ಎಂದು ಕೂಗಾಡುವಾಗ ತನ್ನ ಗಂಟಲಿನಿಂದ ಅವ್ವನ ದನಿ ಹೊರಡುತ್ತಿದೆಯಲ್ಲ ಎಂದು ಒಳಗೇ ನಡುಗುತ್ತಿದ್ದ. ಆದರೂ ಕೂಗಾಡುತ್ತಿದ್ದ.

ಆ ವರ್ಷದ ಬೇಸಿಗೆ ರಜಕ್ಕೆ ನಂದಿತಾ ಹಟ ಹಿಡಿದಳು. ಅಜ್ಜಿ ಮನೆ ಬೇಡ, ಕುಣಿಗಲ್ ಅತ್ತೆ ಮನೆಗೇ ಹೋಗಬೇಕು. "ಅತ್ತೆಗೂ ಇತ್ತಲ್ಲ. ಅವ್ರು ಬೈಯಲ್ಲ," ಎಂದಳು. ರಂಗಲಕ್ಷ್ಮಿ, "ಹೋಗ್ಲಿ ಬಿಡಿ, ಕೊಟ್ಟೋರೇ ಒಂದು ತಿಂಗಳು ಒಗೀಲಿ," ಎಂದು ಬಟ್ಟೆ ಕಟ್ಟಿಕೊಟ್ಟಳು.

ತಿಂಗಳು ಕಳೆದು ವಾಪಸ್ಸು ಬಂದ ಹುಡುಗಿ ಬೇರೆಯೇ ಆಗಿದ್ದಳು. ಹಾಸಿಗೆ ಒದ್ದೆಯಾಗುವುದೇನೂ ನಿಂತಿರಲಿಲ್ಲ. ಆದರೆ ಬೆಳಿಗ್ಗೆ ಮುದುಡಿ ಕೂರುವುದು ನಿಂತಿತ್ತು. ತಾನೇ ಎದ್ದು ಬೆಡ್‌ಶೀಟು ತೆಗೆದು ಬಕೆಟ್ಟಿಗೆ ಹಾಕಿ, "ಅಮ್ಮ, ಇವತ್ತು ಆಗಿದೆ," ಎಂದು ಜ್ವರ ಬಂದಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು.

ಒಂದು ಸಂಜೆ ಅಪ್ಪನ ಪಕ್ಕ ಕೂತು ಹೋಂವರ್ಕ್ ಮಾಡುತ್ತ ಅವಳೇ ಶುರುಮಾಡಿದಳು.

"ಅಪ್ಪ, ಅತ್ತೆಗೆ ಯಾವಾಗ ನಿಲ್ತು ಗೊತ್ತಾ? ಹನ್ನೊಂದು ವರ್ಷಕ್ಕೆ. ಯುಗಾದಿ ಟೈಮಲ್ಲಂತೆ. ನಿಂತಿದ್ದು ಒಂದು ವಾರ ಅವ್ರಿಗೇ ಗೊತ್ತಾಗ್ಲಿಲ್ವಂತೆ. ನಂಗೂ ಹಂಗೇ ನಿಲ್ಲತ್ತಂತೆ."

ಅನಂತರಾಜು ಓದುತ್ತಿದ್ದ ಪೇಪರು ಕೆಳಗಿಟ್ಟ.

"ಆಮೇಲೆ ಹೊಟ್ಟೆ ಮೇಲೆ ಬರೆ ತೋರಿಸಿದ್ರು. ನಮ್ ಕಾಲದಲ್ಲಿ ಹಿಂಗೆ ಮಾಡ್ತಿದ್ರು, ನಿಂಗೆ ಯಾರೂ ಮಾಡಲ್ಲ, ಯಾರಾದ್ರೂ ಮಾಡೋಕ್ ಬಂದ್ರೆ ನಂಗೆ ಫೋನ್ ಮಾಡು, ಬಂದು ಅವ್ರ ಕೈ ಮುರೀತೀನಿ ಅಂದ್ರು." ನಂದಿತಾ ನಕ್ಕಳು.

ಎಂಟು ವರ್ಷದ ಮಗು ತನ್ನನ್ನು ನಂಬಿ ಬಂದು, 'ಅತ್ತೆ, ನಿಂಗೂ ಇತ್ತಾ?' ಎಂದು ಕೇಳಿದಾಗ ಅಕ್ಕ ಇಲ್ಲವೆನ್ನಲಿಲ್ಲ. ಅವನ ಕಥೆಯನ್ನೇ ತನ್ನದೆಂದು ಹೇಳಿ ಅವನ ಮಗಳಿಗೆ ಧೈರ್ಯ ತುಂಬಿದ್ದಳು. ಅನಂತರಾಜು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ.

ಮುಂದಿನ ಭಾನುವಾರ ಮೊಪೆಡ್ ಹತ್ತಿ ಕುಣಿಗಲ್ಲಿಗೆ ಹೋದ. ಗಿರಣಿಗೆ ಕರೆಂಟು ಇರಲಿಲ್ಲ. ಚಿಕ್ಕಗಂಗಮ್ಮ ಬಾಗಿಲಲ್ಲಿ ಕೂತು ಗಿರಾಕಿಗಳ ಡಬ್ಬಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಕೂದಲು, ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು.

"ಡಾಕ್ಟ್ರ ಹತ್ರ ನನ್ ಹೆಸ್ರು ಹೇಳ್ದ್ಯಂತೆ?" ಕೂರು ಎನ್ನುವ ಮುಂಚೆಯೇ ಕೇಳಿದಳು.

ಅವನು ಬಾಯಿ ತೆರೆದ. ಅಳು ಬಂತು.

"ಅಳ್ಬ್ಯಾಡ. ಜನ ನೋಡ್ತಾರೆ. ಆವತ್ತು ನೀನು ಆರು ವರ್ಷದ ಹುಡ್ಗ, ಏಟಿಗೆ ಹೆದ್ರಿ ಹೇಳ್ದೆ, ಅದನ್ನ ನಾನು ಒಪ್ಕೊಂಡೆ. ಈಗ ನಿಂಗೆಷ್ಟ್ಲಾ ವಯಸ್ಸು? ಯಾರು ಪೊರಕೆ ಹಿಡ್ಕೊಂಡ್ ನಿಂತಿದ್ರು ಅಲ್ಲಿ?"

"ತಪ್ಪಾಯ್ತಕ್ಕ."

"ನಂಗೆ ಹೇಳಿ ಏನ್ ಮಾಡ್ತೀಯ? ನಂಗೆ ಗೊತ್ತಿಲ್ದೇ ಇರೋದಾ? ಮಗೀಗೆ ಹೇಳು. ಅಪ್ಪಂಗೂ ಇತ್ತು, ಈಗ ನೋಡು ಹೆಂಗವ್ರೆ ಅಂತ ಅದು ತಿಳ್ಕೊಂಡ್ರೆ ನಾನು ಹೇಳಿದ್ದುಕ್ಕಿಂತ ನೂರು ಪಾಲು ಧೈರ್ಯ ಬರ್ತದೆ." ಒಂದು ಡಬ್ಬದ ಮುಚ್ಚಳ ಒತ್ತಿ ಹೇಳಿದಳು: "ಆಮೇಲೆ ಅವ್ವಂಗೂ ಹೇಳು. ಅದು ಬದ್ಕಿರೋವಾಗ್ಲೇ. ನಾನು ಆವತ್ತು ಸುಳ್ಳು ಹೇಳ್ಲಿಲ್ಲ ಅಂತ ಅವ್ವಂಗೆ ಒಂದ್ಸಲ ಗೊತ್ತಾಗ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

"ಹೇಳ್ತೀನಿ."

"ನಮ್ಮಪ್ಪಂಗೂ ಇತ್ತು, ಗೊತ್ತಾ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ. ಅಪ್ಪ ಸತ್ತು ಆಗಲೇ ಆರು ವರ್ಷವಾಗಿತ್ತು.

"ಅಜ್ಜಿ ಸಾಯೋಕ್ ಮುಂಚೆ ನಂಗೆ ಹೇಳ್ತು. ಹದಿಮೂರು ವರ್ಷದ ತಂಕ ಇತ್ತಂತೆ. ಬರೆ ಎಳೆಯೋ ದಿನ ಅಪ್ಪ ತೋಟದಲ್ಲಿ ಕೂತಿತ್ತು. ಅದಕ್ಕೂ ಗೊತ್ತಿತ್ತು ಕಣೋ, ಇದು ಬೇಕಂತ ಮಾಡೋದಲ್ಲ ಅಂತ. ಬಾಯ್ ಬಿಡ್ಲಿಲ್ಲ." ಅವಳು ಎದ್ದು ಸೀರೆ ಕೊಡವಿಕೊಂಡಳು. "ನೀನೂ ಹಂಗಾಗ್ಬ್ಯಾಡ."

ಆ ದಿನ ವಾಪಸ್ಸು ಬರುವ ದಾರಿಯುದ್ದಕ್ಕೂ ಅನಂತರಾಜು ಮಗಳಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡ. ಮನೆ ತಲುಪಿದರೆ ರಂಗಲಕ್ಷ್ಮಿ ಬಾಗಿಲಲ್ಲೇ, "ಏನಂತಾರೆ ನಿಮ್ಮಕ್ಕ? ನಮ್ಮ ಮಗೀಗೆ ದಾನ ಕೊಟ್ಟು ಆರಾಮಾಗವ್ರಾ?" ಎಂದಳು. ನಾಲ್ಕು ತಿಂಗಳಿಂದ ಹೆಂಡತಿ ಅಕ್ಕನನ್ನು ಆಡಿಕೊಂಡಾಗಲೆಲ್ಲ ಸುಮ್ಮನಿದ್ದವನು ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು? ಹಬ್ಬ ಕಳೆಯಲಿ ಎಂದುಕೊಂಡ. ಪರೀಕ್ಷೆ ಮುಗಿಯಲಿ ಎಂದುಕೊಂಡ. 2002ರಲ್ಲಿ, ಹನ್ನೊಂದು ತುಂಬಿ ಕೆಲವು ತಿಂಗಳಾಗಿದ್ದಾಗ, ನಂದಿತಾಳಿಗೆ ನಿಂತೇಹೋಯಿತು. ಇನ್ನೇಕೆ ಕೆದಕುವುದು ಎಂದುಕೊಂಡ.

2004ರಲ್ಲಿ ಹನುಮಂತಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಬುದ್ಧಿ ಚೆನ್ನಾಗಿತ್ತು, ಮಾತು ತೊದಲಾದರೂ ಅರ್ಥವಾಗುತ್ತಿತ್ತು. ಅನಂತರಾಜು ಅವ್ವನನ್ನು ತುಮಕೂರಿನ ಮನೆಗೆ ಕರೆತಂದ. ನೋಡಿಕೊಳ್ಳಲು ಚಿಕ್ಕಗಂಗಮ್ಮ ಕುಣಿಗಲ್ಲಿನಿಂದ ಬಂದು ಎರಡು ತಿಂಗಳು ಇದ್ದಳು. ದಿನಕ್ಕೆ ಮೂರು ಸಲ ಅವ್ವನ ಬಟ್ಟೆ ಬದಲಾಯಿಸುವುದು, ಒರೆಸುವುದು, ಒಗೆಯುವುದು ಎಲ್ಲ ಅವಳದೇ. ರಂಗಲಕ್ಷ್ಮಿ ಮೂಗಿಗೆ ಸೆರಗಿಟ್ಟುಕೊಂಡು ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಅನಂತರಾಜು ಫಸ್ಟ್ ಶಿಫ್ಟ್ ಮುಗಿಸಿ ಬಂದಾಗ ಅಕ್ಕ ಒದ್ದೆ ಬಟ್ಟೆ ಎಳೆದು ಅವ್ವನನ್ನು ಮಗ್ಗುಲಿಗೆ ಹೊರಳಿಸುತ್ತಿದ್ದಳು. ಹನುಮಂತಮ್ಮ ಬಲಗೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡಳು.

"ಗಂಗೂ... ನಿಂಗೆ ಬರೆ ಹಾಕಿಸ್ದೆ ಕಣವ್ವ. ನೀನು ಚಿಕ್ಕೋಳು. ಆಮೇಲೆ ನಾನಲ್ಲ ಅಂತ ಸುಳ್ಳು ಬೇರೆ ಹೇಳ್ದೆ, ಅದಕ್ಕೆ ಸಿಟ್ಟು ಬಂತು. ಮನ್ಸಿನಾಗೆ ಇಟ್ಕೋಬ್ಯಾಡ."

ಚಿಕ್ಕಗಂಗಮ್ಮ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವ್ವನೂ ಅವನ ಕಡೆ ಕಣ್ಣು ತಿರುಗಿಸಿದಳು. ಹೇಳಬೇಕಾದದ್ದು ಮೂರೇ ಮಾತು. ಆ ಮಾತುಗಳು ನಾಲಿಗೆಯ ತುದಿಯ ತನಕ ಬಂದವು. ಸಾಯುವ ಮುದುಕಿಗೆ ಈಗ ಇದನ್ನು ಹೇಳಿ ಸಂಕಟ ಕೊಡುವುದೇ ಎಂದು ಅವನ ಮನಸ್ಸು ಒಂದು ನೆಪ ಹುಡುಕಿಕೊಟ್ಟಿತು.

"ಮಾತ್ರೆ ಖಾಲಿಯಾಗೈತಲ್ವಾ? ತಂದ್ಬಿಡ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಒಂಬತ್ತು ದಿನಕ್ಕೆ ಅವ್ವ ತೀರಿಕೊಂಡಳು. ತಿಥಿ ಮುಗಿಸಿ ಕುಣಿಗಲ್ಲಿಗೆ ಹೊರಟ ಚಿಕ್ಕಗಂಗಮ್ಮ ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದಳು, ಅವನಿಗೆ ಹೇಳಲಿಲ್ಲ. ಆಮೇಲೆ ಅವನು ಫೋನ್ ಮಾಡಿದರೆ, "ತಡಿ, ಭಾವಂಗೆ ಕೊಡ್ತೀನಿ," ಎಂದು ಗಂಡನ ಕೈಗೆ ಕೊಟ್ಟುಬಿಡುತ್ತಿದ್ದಳು. ನಾಲ್ಕು ವರ್ಷ ಹಾಗೇ ಹೋಯಿತು.

2008ರಲ್ಲಿ ನಂದಿತಾ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಳು. ಬಯಾಲಜಿಯಲ್ಲಿ ಅನುವಂಶೀಯತೆಯ ಪಾಠ. ಒಂದು ಭಾನುವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ದೊಡ್ಡ ಹಾಳೆ ಹರಡಿ ಅವರ ಮನೆತನದ ವಂಶವೃಕ್ಷ ಬರೆಯುತ್ತಿದ್ದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹಾಸಿಗೆ ಒದ್ದೆಯಾಗುವ ಲಕ್ಷಣ ಇದ್ದವರ ಗುರುತನ್ನು ಕಪ್ಪಾಗಿ ತುಂಬಬೇಕು. ತನ್ನ ವೃತ್ತವನ್ನು, ಅತ್ತೆಯ ವೃತ್ತವನ್ನು ಪೆನ್ಸಿಲಿನಲ್ಲಿ ಕಪ್ಪು ಮಾಡಿ ಅಪ್ಪನಿಗೆ ತೋರಿಸಿದಳು.

"ನೋಡಪ್ಪ, ಅತ್ತೆಗೆ ಇದೆ, ನಂಗಿದೆ. ಮಧ್ಯ ನೀನು ಮಾತ್ರ ಖಾಲಿ. ಅಮ್ಮನ ಕಡೆ ಯಾರಿಗೂ ಇಲ್ಲ. ನಿನ್ನ ದಾಟ್ಕೊಂಡು ನಂಗೆ ಹೆಂಗ್ ಬಂತು ಅಂತ ಲೆಕ್ಚರರ್‌ನ ಕೇಳ್ಬೇಕು."

ಅನಂತರಾಜು ಕೈ ಚಾಚಿ ಪೆನ್ಸಿಲು ತೆಗೆದುಕೊಂಡ. ತನ್ನ ಚೌಕವನ್ನು ತುಂಬಿದ. ಮೇಲಿದ್ದ ಅಪ್ಪ ಚಿಕ್ಕರಂಗಯ್ಯನ ಚೌಕವನ್ನೂ ತುಂಬಿದ. ಆಮೇಲೆ ಅಕ್ಕನ ವೃತ್ತದ ಮೇಲೆ ಬೆರಳಿಟ್ಟು, "ಇದನ್ನ ಅಳಿಸ್ಬಿಡು," ಎಂದ.

ನಂದಿತಾಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಪೊರಕೆಯಿಂದ ಹಿಡಿದು ಮಾತ್ರೆ ತರಲು ಹೋದ ಮಧ್ಯಾಹ್ನದ ತನಕ ಒಂದನ್ನೂ ಮುಚ್ಚಿಡದೆ ಹೇಳಿದ. ಅಡುಗೆಮನೆಯಲ್ಲಿ ರಂಗಲಕ್ಷ್ಮಿ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತದ್ದನ್ನೂ ಅವನು ನೋಡಿದ. ನಿಲ್ಲಿಸಲಿಲ್ಲ.

ಮುಗಿದ ಮೇಲೆ ನಂದಿತಾ ಕೇಳಿದ್ದು ಇಷ್ಟೇ. "ನಾನು ಮೂರನೇ ಕ್ಲಾಸಲ್ಲಿದ್ದಾಗ ದಿನಾ ಬೆಳಿಗ್ಗೆ ನಿನ್ ಮುಖ ನೋಡೋಕೆ ಎಷ್ಟು ಹೆದರ್ತಿದ್ದೆ ಗೊತ್ತಾ ಅಪ್ಪ? ಆಗ ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?"

ರಂಗಲಕ್ಷ್ಮಿಯ ಕಣ್ಣು ತುಂಬಿತ್ತು. "ಆ ಹೆಂಗಸಿನ ಮೇಲೆ ನಾನು ಏನೇನ್ ಮಾತಾಡಿದೀನ್ರೀ," ಎಂದಳು, "ಎಲ್ಲ ಕೇಳಿಸ್ಕೊಂಡು ಸುಮ್ನೆ ಕೂತಿದ್ರಲ್ಲ ನೀವು."

ಆ ದಿನವೇ ಮೂವರೂ ಕುಣಿಗಲ್ ಬಸ್ಸು ಹತ್ತಿದರು. ನಂದಿತಾ ಅಮ್ಮನ ಪಕ್ಕ ಕೂತಳು. ಅವನು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಗಿರಣಿ ಬಾಗಿಲಿಗೆ ಹೋದಾಗ ನಂದಿತಾ ಅತ್ತೆಯನ್ನು ತಬ್ಬಿಕೊಂಡಳು. ರಂಗಲಕ್ಷ್ಮಿ ಕಾಲು ಮುಟ್ಟಲು ಬಗ್ಗಿದರೆ ಚಿಕ್ಕಗಂಗಮ್ಮ ಭುಜ ಹಿಡಿದು ಎತ್ತಿ, "ನಿಂಗೇನ್ ಗೊತ್ತಿತ್ತವ್ವ, ಬುಡು," ಎಂದಳು. ಇಬ್ಬರನ್ನೂ ಒಳಗೆ ಕಳಿಸಿದಳು. ಬಾಗಿಲ ಹೊರಗೆ ಅನಂತರಾಜು ನಿಂತೇ ಇದ್ದ.

"ಹೇಳ್ದ್ಯಾ?"

"ಹೂಂ ಅಕ್ಕ. ಎಲ್ಲಾನೂ ಹೇಳ್ದೆ."

ಅವಳಿಗೆ ಆಗಲೇ ನಲವತ್ತೈದು. ಕೂದಲಿನ ಬಿಳುಪು ಹಿಟ್ಟಿನದೋ ವಯಸ್ಸಿನದೋ ಅವನಿಗೆ ತಿಳಿಯಲಿಲ್ಲ.

"ಒಳ್ಳೇದಾಯ್ತು. ಮಗೀಗೆ ಗೊತ್ತಾಗಿದ್ದು ಒಳ್ಳೇದಾಯ್ತು," ಎಂದಳು. ಆಮೇಲೆ, ದನಿ ಏರಿಸದೆ, "ಅವ್ವಂಗೆ ಹೇಳ್ಬೇಕಿತ್ತು ಕಣೋ," ಎಂದಳು.

ಅನಂತರಾಜು ತಲೆ ತಗ್ಗಿಸಿದ. ಒಳಗಿನಿಂದ ಓಬಳಯ್ಯ, "ಯಾಕ್ ಹೊರ್ಗೇ ನಿಂತಿದೀರ, ಬನ್ನಿ," ಎಂದು ಕರೆದ. ಚಿಕ್ಕಗಂಗಮ್ಮ ಮುಂದೆ ಹೋದಳು. ಒಂದು ಗಳಿಗೆ ತಡೆದು ಅವನೂ ಅವಳ ಹಿಂದೆ ಒಳಗೆ ಹೋದ.